ಅಪ್ಪನ ಕೆಂಪು ಕಾರಿಗೆ, ಅದು ಹುಟ್ಟಿದ ತಿಂಗಳ ವಿಚಾರವಾಗಿ

ಮಹಾಮಾನ್ಯ ಕೆಂಪು ಕಾರಿನವರೇ,

ಕಾಯಾನಿ ಪಟ್ಟಣದಲ್ಲಿ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಸುಖವಾಗಿ ಬೀಡುಬಿಟ್ಟಿರುವ ತಮ್ಮ ಸನ್ನಿಧಿಗೆ, ತಮ್ಮ ಯಜಮಾನ ಉರ್ಹೋ ರೌತಿಯೋ ಅವರ ಮಗಳು ಐಲಾ ಎಲ್ಲರೆದುರು ಸಲ್ಲಿಸುವ ವಿನಮ್ರ ದೂರು. ಹೆಂಗಸರ ವಯಸ್ಸು ಕೇಳಬಾರದೆಂದು ನನಗೂ ಗೊತ್ತು. ಕಾರಿಗೂ ಆ ಬಿಂಕ ಇರುತ್ತದೆಂದು ಈ ಬೇಸಿಗೆಯವರೆಗೆ ಗೊತ್ತಿರಲಿಲ್ಲ.

ನಡುಬೇಸಿಗೆ ಹಬ್ಬದ ಹಳೆಯ ಕಾರುಗಳ ಮೆರವಣಿಗೆಗೆ ಸೇರಬೇಕಾದರೆ, ಕಾರು ತಯಾರಾದ ವರ್ಷ ಮುಗಿದು ಮೂವತ್ತು ವರ್ಷ ತುಂಬಿರಬೇಕು. ತಾವು ತೊಂಬತ್ತನಾಲ್ಕರಲ್ಲಿ ಹುಟ್ಟಿದ್ದರೆ ಈ ವರ್ಷವೇ ಸೈ, ತೊಂಬತ್ತೈದಾದರೆ ಮುಂದಿನ ವರ್ಷ. ಅಪ್ಪನಿಗೋ ಎಂಬತ್ತಾರು, ಬರುವ ಚಳಿಗಾಲದಿಂದ ಗಾಡಿ ಮುಟ್ಟುವಂತಿಲ್ಲ ಎಂದು ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಅಷ್ಟರೊಳಗೆ ಒಂದೇ ಒಂದು ಸಲ, ತಮ್ಮ ಸ್ಟೇರಿಂಗ್ ಹಿಡಿದು ಆ ಸಾಲಿನಲ್ಲಿ ಹೋಗಬೇಕೆಂಬುದು ಅವರ ಆಸೆ.

ದಾಖಲೆಯಲ್ಲಿ ತಾವು ರಸ್ತೆಗಿಳಿದ ದಿನವಿದೆ, ತೊಂಬತ್ತೈದರ ವಸಂತ, ಹುಟ್ಟಿದ ದಿನವಿಲ್ಲ. ಹೀಗಾಗಿ ತಮ್ಮ ಮೈಯನ್ನೇ ವಿಚಾರಿಸಿದೆ. ಕಿಟಕಿಯ ಗಾಜು ತೊಂಬತ್ತೊಂದು ಎಂದಿತು, ಸೀಟ್ ಬೆಲ್ಟಿನ ಪಟ್ಟಿ ತೊಂಬತ್ತೇಳು ಎಂದಿತು, ಕಾಡಿನಿಂದ ನುಗ್ಗಿದ ಎಲ್ಕ್ ಎಂಬ ದೈತ್ಯ ಜಿಂಕೆ ಗುದ್ದಿದ ಮೇಲೆ ಅಪ್ಪ ಗುಜರಿಯಿಂದ ತಂದು ಜೋಡಿಸಿದ ಬಾಗಿಲು ಬಾಯೇ ಬಿಡಲಿಲ್ಲ. ಹುಟ್ಟುವುದಕ್ಕೇ ಆರು ವರ್ಷ ತೆಗೆದುಕೊಂಡ ತಮ್ಮ ಸಾವಧಾನಕ್ಕೆ ಕೈಮುಗಿದೆ.

ಕೊನೆಗೆ ಮೆರವಣಿಗೆಯವರ ಕಡೆಯಿಂದ ತಪಾಸಣೆಗೆ ಬಂದ ಹೆಲ್ವಿ ಕುವೊಸ್ಮಾ ಅವರು ಡ್ಯಾಶ್‌ಬೋರ್ಡಿನ ಅಡಿಗೆ ಟಾರ್ಚ್ ಬಿಟ್ಟು, ಪ್ಲಾಸ್ಟಿಕ್ಕಿನಲ್ಲಿ ಅಚ್ಚೊತ್ತಿದ ಪುಟ್ಟ ಗಡಿಯಾರದಂಥ ತಯಾರಿಕೆಯ ಗುರುತು ತೋರಿಸಿದರು. ನಡುವೆ ತೊಂಬತ್ತೈದು, ಬಾಣ ಜನವರಿಗೆ. ಒಂದೇ ಒಂದು ತಿಂಗಳು ತಡ, ಮಹಾನುಭಾವರೇ! ಆದರೂ ಆ ತಾಯಿ ಚಾವಣಿ ನೋಡುತ್ತಾ ಕೇಳಿದರು: "ಉರ್ಹೋ ಅವರೇ, ಎಲ್ಲಾನೂ ಬದಲಾಯಿಸಿದೀರಿ. ಇದನ್ನೂ ಬದಲಾಯಿಸಿರಬೇಕು, ಅಲ್ವಾ?"

ಹೂಂ ಎಂದಿದ್ದರೆ ಆ ಗುರುತು ಲೆಕ್ಕಕ್ಕೆ ಬಾರದೆ ಕೆಲಸ ಮುಗಿಯುತ್ತಿತ್ತು. ನಾನು ಅಪ್ಪನ ಕಾಲು ತುಳಿದೆ.

"ಇಲ್ಲ," ಎಂದರು ಅಪ್ಪ. "ಅದೊಂದನ್ನ ಮಾತ್ರ ಮುಟ್ಟಿಲ್ಲ."

ಆಮೇಲೆ ಮೂವರೂ ಕಾಫಿ ಕುಡಿದೆವು. ಅಪ್ಪನ ಕಪ್ಪಿಗೆ ನಾನು ಸಕ್ಕರೆ ಹಾಕಲಿಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಆ ಜನವರಿಯ ಹಿಂದಿನ ಡಿಸೆಂಬರಿನಲ್ಲಿ ಇನ್ನೊಮ್ಮೆ ಹುಟ್ಟಿ ಬರಬೇಕಾಗಿ ಪ್ರಾರ್ಥನೆ. ಅದು ತ್ರಾಸವೆನಿಸಿದರೆ, ತಮ್ಮ ಎರಡು ಹೆಡ್‌ಲೈಟುಗಳನ್ನು ಅಪ್ಪನ ಕಣ್ಣಿಗೆ ಒಂದು ವರ್ಷದ ಮಟ್ಟಿಗೆ ಕಡ ಕೊಟ್ಟರೂ ನಡೆಯುತ್ತದೆ.

ಸಿಟ್ಟು ಇಳಿಯದಿದ್ದರೂ ತಮ್ಮ ವಿಶ್ವಾಸಿ,
ಐಲಾ ರೌತಿಯೋ

ವಿ.ಸೂ.: ಹಬ್ಬದ ದಿನ ಅಪ್ಪ ಮೆರವಣಿಗೆಯನ್ನು ರಸ್ತೆಬದಿಯಲ್ಲಿ ನಿಂತು ನೋಡಿದರು. ಮನೆಗೆ ಬಂದವರೇ ತಮ್ಮ ಕೀಲಿಯನ್ನು ನನ್ನ ಕೈಗಿಟ್ಟು, "ಮುಂದಿನ ವರ್ಷ ನೀನು ಓಡ್ಸು. ನಾನು ಪಕ್ಕದಲ್ಲಿ ಕೂತು ಬೈತೀನಿ," ಎಂದರು. ಅಲ್ಲಿಯವರೆಗೆ ಬದುಕಿರಲು ಅವರು ಒಪ್ಪಿದ್ದಾರೆ. ಆ ದಿನ ತಾವು ಸ್ಟಾರ್ಟ್ ಆಗದೆ ಬಿಂಕ ತೋರಿಸಿದರೆ, ಗುಜರಿಯವರು ಯಾರ ವಯಸ್ಸನ್ನೂ ಕೇಳುವುದಿಲ್ಲ ಎಂಬುದು ತಮ್ಮ ಗಮನದಲ್ಲಿರಲಿ.