ಹೊತ್ತು ಮುಳುಗುವುದರೊಳಗೆ

ನೇಮಣ್ಣನಿಗೆ ಯಾರ ಮುಂದೆಯೂ ‘ಆಗೂದಿಲ್ಲ’ ಎನ್ನುವ ಶಕ್ತಿ ಇರಲಿಲ್ಲ. ಆಟೋ ನಗರದ ಅವನ ಬಿಡಿಭಾಗಗಳ ಅಂಗಡಿಯಿಂದ ನಟ್ಟು ಬಿಚ್ಚುವ ಪಾನಾ ಎರವಲು ಒಯ್ದವರು ಅದನ್ನು ತಿರುಗಿ ತಂದದ್ದಿಲ್ಲ. ಕೇಳಿದ್ದನ್ನೆಲ್ಲ ಅವನು ಕೊಡುತ್ತಲೇ ಬಂದಿದ್ದ. ಆ ಶನಿವಾರ ಅವರು ಅವನ ಅಕ್ಕನನ್ನೇ ಕೇಳಿದರು.

ಅಕ್ಕ ಸುಹಾಸಿನಿ ಕೃಷಿ ಓದಿ, ಮೊದಲ ನೌಕರಿಗೆಂದು ಜಾಂಬೋಟಿಯ ಭತ್ತದ ಗದ್ದೆಗೆ ಇಳಿದವಳು. ಅಲ್ಲಿಂದ ಧಾರವಾಡ, ಫಿಲಿಪೀನ್ಸ್, ಆಫ್ರಿಕಾ. ಈಗ ರೋಮಿನಲ್ಲಿ ಕೂತು, ಯಾವ ದೇಶದ ಕಾಳು ಯಾವ ದೇಶದ ಹಸಿದವರಿಗೆ ಹೋಗಬೇಕೆಂದು ಮಂತ್ರಿಗಳ ಜೊತೆ ಜಗಳವಾಡುವ ದೊಡ್ಡ ಸಮಿತಿಯ ಮುಖ್ಯಸ್ಥೆ. ತಾಯಿ ಸತ್ತ ಮೇಲೆ ತಮ್ಮನಿಗೆ ಅನ್ನ ಬೇಯಿಸಿ ಹಾಕಿದವಳೂ ಅವಳೇ. ಅನ್ನ ದಿನಾ ಸೀಯುತ್ತಿತ್ತು. ಸೀದದ್ದನ್ನು ತಾನು ತಿಂದು ಮೇಲಿನದನ್ನು ತಮ್ಮನಿಗೆ ಬಡಿಸುತ್ತಿದ್ದಳು.

ಊರಿಗೆ ಬಂದಾಗಲೆಲ್ಲ ಅವಳನ್ನು ಯಾರಾದರೊಬ್ಬರು ಸನ್ಮಾನಕ್ಕೆ ಎಳೆದೊಯ್ಯುತ್ತಿದ್ದರು. ತಮ್ಮನ ಮನೆಯಲ್ಲಿ ಒಮ್ಮೆಯೂ ಉಂಡಿರಲಿಲ್ಲ. ಈ ಸಲ ಇರುವುದು ಒಂದೇ ದಿನ. ಒಂದು ಊಟ ತನ್ನ ಕೈಯಾರೆ ಬಡಿಸಬೇಕು ಎಂಬುದಷ್ಟೇ ನೇಮಣ್ಣನ ಆಸೆ.

ಟಿಳಕವಾಡಿಯ ಮನೆಯಲ್ಲಿ ಹೆಂಡತಿ ಮನಿಷಾ ನಸುಕಿನಿಂದಲೇ ಒಲೆಯ ಮುಂದಿದ್ದಳು. ಹೋಳಿಗೆ, ಕಟ್ಟಿನ ಸಾರು, ಹೀರೇಕಾಯಿ ಪಲ್ಯ. ಜೈನರ ಮನೆ. ಈರುಳ್ಳಿ, ಬೆಳ್ಳುಳ್ಳಿ, ಬಟಾಟೆ ಒಳಗೆ ಬರುವಂತಿಲ್ಲ. ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಮಾಡಿದ ಅಡಿಗೆ ಮರುದಿನಕ್ಕೆ ಇಡುವಂತಿಲ್ಲ. ಬಾಜೂ ಮನೆಯ ಸುಂದರಾಬಾಯಿ ಕಂಪೌಂಡಿನ ಆಚೆಯಿಂದಲೇ ಎಚ್ಚರಿಸಿದ್ದಳು: “ನೇಮಣ್ಣಾ, ಅಕ್ಕಗ ಹೊತ್ತ ಇರೂದ್ರಾಗ ಉಣಸಪಾ. ಪರದೇಶಕ್ಕ ಹೋದ್ರೂ ಧರ್ಮಾ ಬಿಟ್ಟಾಕಿ ಅಲ್ಲ ಅಕಿ.”

ಹತ್ತಕ್ಕೆ ಬಾಜೂ ಅಂಗಡಿಯ ಸಾತಪ್ಪ ಬೈಕಿನ ಮೇಲೆ ಬಂದ. “ನೇಮಣ್ಣ, ಐದ ಮಿನಿಟ. ಮೇಡಮ್ಮಾರಿಗೆ ಆಟೋ ನಗರದಾಗ ಒಂದ ಶಾಲು ಹೊಚ್ಚಿ ಕಳಸ್ತೀವಿ.”

ನೇಮಣ್ಣ “ಹೂಂ” ಅಂದ.

ಐದು ಮಿನಿಟು ಎರಡು ತಾಸಾಯಿತು. ಹೊಟ್ಟೆ ತುಂಬಿದ ಏಳು ಜನ ಹಸಿವಿನ ಬಗ್ಗೆ ಭಾಷಣ ಮಾಡಿದರು. ಆಮೇಲೆ ಬಿಸಿ ಬಟಾಟಿ ವಡಾ ಬಂತು.

“ಅಕ್ಕ ಗಡ್ಡಿ-ಗೆಣಸ ಮುಟ್ಟಂಗಿಲ್ಲ,” ಎಂದು ನೇಮಣ್ಣ ಹೆಮ್ಮೆಯಿಂದ ತಟ್ಟೆ ಸರಿಸಿದ. ಸುಹಾಸಿನಿ ವಡಾದ ಕಡೆ ನೋಡಿದಳು, ಹೊರಟ ಬಸ್ಸನ್ನು ನೋಡುವ ಹಾಗೆ.

“ಇಷ್ಟ ಬಂದೀವಿ, ಖಾನಾಪುರ ಏನ ದೂರ?” ಎಂದ ಸಾತಪ್ಪ. ಅದು ಅವನ ಹುಟ್ಟೂರು. ನೇಮಣ್ಣ ಮತ್ತೆ “ಹೂಂ” ಅಂದ. ಬೈಕು ಮುಂದೆ, ನೇಮಣ್ಣನ ಕಾರು ಹಿಂದೆ. ಖಾನಾಪುರದಲ್ಲಿ ಪ್ರತಿ ಭಾಷಣವನ್ನೂ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಮಾಡಿದರು. ಈರುಳ್ಳಿಯ ಕಾಂದಾಭಜಿ ತಂದರು. ನೇಮಣ್ಣ ತಟ್ಟೆ ಸರಿಸಿದ.

“ಜಾಂಬೋಟಿ ರಾಯಪ್ಪ ಕಾಯಾಕತ್ಯಾನ,” ಎಂದ ಸಾತಪ್ಪ. ಇಲ್ಲಿ ಮಾತ್ರ ಸುಹಾಸಿನಿಯೇ “ಹೋಗೂಣು” ಅಂದಳು. ಅವಳ ಮೊದಲ ಭತ್ತದ ಪ್ರಯೋಗ ನಡೆದದ್ದು ರಾಯಪ್ಪನ ಗದ್ದೆಯಲ್ಲಿ.

ರಾಯಪ್ಪ ನೋಡುತ್ತಲೇ ನಕ್ಕ. “ಬಾಯಾರ, ನೀವು ಕಂಬಳಿ ಕೊಪ್ಪಿ ಹೊತ್ತ ಮಳ್ಯಾಗ ನಿಂತ್ರ, ನಾವು ಬೆದರಬೊಂಬಿ ಅಂತ ತಿಳಕೋತಿದ್ವಿ. ಹಕ್ಕಿ ಮಾತ್ರ ನಿಮಗ ಅಂಜತಿದ್ದಿಲ್ಲ ಬಿಡ್ರಿ.”

ಅವನ ಹೆಂಡತಿ ಗೌರವ್ವ ಸುಹಾಸಿನಿಯ ರಟ್ಟೆ ಹಿಡಿದು ನೋಡಿದಳು. “ಯವ್ವಾ, ಜಗತ್ತಿಗೆಲ್ಲಾ ಉಣ್ಣಾಕ ಹಾಕ್ತೀಯಂತ. ನಿನಗ ಯಾರೂ ಹಾಕಿಲ್ಲೇನ?” ಎಂದು ಅಕ್ಕಿ ರೊಟ್ಟಿ, ಬೆಳ್ಳುಳ್ಳಿ ಚಟ್ನಿ ತಂದಿಟ್ಟಳು. ರೊಟ್ಟಿಯ ಅಂಚಿಗೆಲ್ಲ ಚಟ್ನಿ ಮೆತ್ತಿತ್ತು. ನೇಮಣ್ಣ ಕೈ ಮುಗಿದು ಅದನ್ನೂ ಸರಿಸಿದ. ಗೌರವ್ವ ಮುಖ ಸಣ್ಣ ಮಾಡಿ, ತೆಂಗಿನಕಾಯಿ ಇಲ್ಲದ್ದಕ್ಕೆ ಹಿತ್ತಲಿನ ಸೌತೆಕಾಯಿ ಇಟ್ಟು ಉಡಿ ತುಂಬಿದಳು.

ವಾಪಸು ಬರುವಾಗ ಸೂರ್ಯ ನೇಮಣ್ಣನ ಜೊತೆ ಪಂದ್ಯ ಕಟ್ಟಿದವನಂತೆ ಓಡಿದ. ಟಿಳಕವಾಡಿಯ ರೈಲ್ವೆ ಗೇಟು ಬಂದಾಗ ಇನ್ನೂ ಸ್ವಲ್ಪ ಬೆಳಕಿತ್ತು. ಗೇಟು ಬಿತ್ತು. ಗೂಡ್ಸ್ ಗಾಡಿ ಬಾಣಂತಿಯ ಹಾಗೆ ಮೆಲ್ಲಗೆ ಬಂದು, ನಡುವೆ ನಿಂತೂ ಬಿಟ್ಟಿತು.

ಸಾತಪ್ಪ ಅದಕ್ಕೂ ಮೊದಲೇ ಬೈಕು ವಾಲಿಸಿ ಗೇಟಿನ ಕೆಳಗೆ ನುಸುಳಿ, “ಮನೀಗ ಸುದ್ದಿ ಮುಟ್ಟಸ್ತೀನಿ!” ಎಂದು ಕೂಗಿ ಹೋಗಿದ್ದ.

ಗೇಟು ಎದ್ದಾಗ ಸೂರ್ಯ ಇರಲಿಲ್ಲ. ಮನೆ ಸೇರಿದಾಗ ಪಾತ್ರೆಗಳು ತೊಳೆದು ಬೋರಲು ಬಿದ್ದಿದ್ದವು.

“ಸಾತಪ್ಪಣ್ಣ ಬಂದಿದ್ರು,” ಎಂದಳು ಮನಿಷಾ. “‘ವೈನಿ, ಅವರಂತೂ ಇನ್ನ ಉಣ್ಣಂಗಿಲ್ಲ, ಅಡಗಿ ಯಾಕ ಕೆಡಸ್ತೀರಿ’ ಅಂದ್ರು. ಅವರು ಉಂಡ್ರು. ಉಳದದ್ದ ಡಬ್ಬಿ ತುಂಬಿ ಗ್ಯಾರೇಜ ಹುಡುಗರಿಗೆ ಒಯ್ದ್ರು.”

ನೇಮಣ್ಣ ಕುರ್ಚಿಯಲ್ಲಿ ಕುಸಿದ. ಸುಹಾಸಿನಿ ಮೆಲ್ಲಗೆ ಕೇಳಿದಳು: “ನೇಮೂ, ತಿನ್ನಾಕ ಏನರ ಐತೇನೋ?”

“ಅಕ್ಕಾ! ಹೊತ್ತ ಮುಳಿಗೇತಿ!”

“ಮುಳಗಲಿ ಬಿಡು. ನಾ ಅದನ್ನ ಬಿಟ್ಟ ಭಾಳ ವರ್ಷ ಆತು. ನಮ್ಮ ಸಭಾ ಮುಗ್ಯೂದ ರಾತ್ರಿ. ಬಟಾಟಿನೂ ತಿಂತೀನಿ, ಬಳ್ಳೊಳ್ಳಿನೂ ತಿಂತೀನಿ. ನೀ ನೊಂದಕೋತೀ ಅಂತ ಮುಂಜಾನಿಂದ ಬಾಯಿ ಮುಚ್ಚಕೊಂಡ ಕುಂತೀನಿ.”

ನೇಮಣ್ಣನ ಬಾಯಿ ತೆರೆಯಿತು. “ಅಕ್ಕಾ, ನಾನೂ... ಅಂಗಡಿ ಬಾಗಲಾ ಹಾಕಿದ ಮ್ಯಾಲ ದಿನಾ ಉಳ್ಳಾಗಡ್ಡಿ ಹಾಕಿದ ಮಿಸಳ ತಿಂತೀನಿ. ನಿನಗ ಬ್ಯಾಸರ ಆಗಬಾರ್ದಂತ...” ಹೆಂಡತಿಯ ಕಡೆ ನೋಡಿ ನಿಲ್ಲಿಸಿದ.

“ಗೊತ್ತೈತ್ರಿ,” ಎಂದಳು ಮನಿಷಾ. “ನಿಮ್ಮ ಅಂಗಿ ಒಗ್ಯಾಕಿ ನಾನ. ಖರೇ ಹೇಳ್ತೀನಿ ಅಕ್ಕಾರ, ನಿಮ್ಮ ಮುಂದ ಕಟ್ಟುನಿಟ್ಟಿನಾಕಿ ಅನಿಸ್ಕೋಬೇಕಂತ ಎಲ್ಲಾ ಕೊಟ್ಟ ಕಳಿಸಿದ್ನಿ. ಇಲ್ಲಂದ್ರ ಮುಚ್ಚಿ ಇಡತಿದ್ದೆ.”

“ಹಂಗಾರ ಅನ್ನಕ್ಕ ಇಡು!” ಎಂದ ನೇಮಣ್ಣ.

“ಕುಕ್ಕರ ಸೀಟಿ ಹೊಡದ್ರ ಸುಂದರಾಬಾಯಾರ ಗ್ವಾಡಿ ಜಿಗದ ಬರ್ತಾರ.”

ಕಿಟಕಿಯಿಂದ ಇಣುಕಿದರು. ಸುಂದರಾಬಾಯಿ ಇವರ ಗೇಟಿನ ಎದುರಿನ ಕಟ್ಟೆಯ ಮೇಲೆ, ಜಪಮಾಲೆ ಹಿಡಿದು, ಪೊಲೀಸ್ ಚೌಕಿಯ ಹಾಗೆ ಕೂತಿದ್ದಳು. ಹೊರಗೆ ಹೋಗುವ ದಾರಿಯೂ ಮುಚ್ಚಿತು.

ಸುಹಾಸಿನಿ ಉಡಿಯಲ್ಲಿ ಬಂದ ಸೌತೆಕಾಯಿ ತೆಗೆದಳು. ದೀಪ ಆರಿಸಿ, ನೆಲದ ಮೇಲೆ ಕೂತು ಮೂರು ಹೋಳು ಮಾಡಿದಳು. ಕಹಿ ತುದಿ ತಾನಿಟ್ಟುಕೊಂಡು ನಡುವಿನದನ್ನು ತಮ್ಮನ ಕೈಗಿಟ್ಟಳು. ಕರುಂ ಎಂದು ಸದ್ದಾಗದಂತೆ ಮೂವರೂ ಮೆಲ್ಲಗೆ ಅಗಿದರು. ಸುಹಾಸಿನಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೊತ್ತಿ ನಕ್ಕಳು. ನೇಮಣ್ಣನ ಕಣ್ಣು ಒದ್ದೆಯಾಗಿತ್ತು. ಕತ್ತಲಿದ್ದದ್ದು ಒಳ್ಳೆಯದಾಯಿತು.

“ನಾಳಿ ವಿಮಾನಕ್ಕ ಹೋಗೂಮುಂದ ನಾಷ್ಟಾ ನಮ್ಮನ್ಯಾಗ,” ಎಂದ ಅವನು. “ಯಾರ ಬಂದ್ರೂ ಬಿಡಂಗಿಲ್ಲ.”

ಫೋನು ಬಂತು. ಸಾತಪ್ಪ. “ನೇಮಣ್ಣ, ಹೋಳಿಗಿ ಭಾರಿ ಆಗಿದ್ವು. ಮುಂಜಾನೆ ಏಳಕ್ಕ ಐದ ಮಿನಿಟ, ಮೇಡಮ್ಮಾರಿಗೆ ಇನ್ನೊಂದ ಶಾಲು...”

“ಹೂಂ,” ಅಂದ ನೇಮಣ್ಣ.

ಹೋದದ್ದು ಇಷ್ಟು: ಹೋಳಿಗೆ ಮೂವತ್ತು, ಸಾರು ಒಂದು ಪಾತ್ರೆ, ಪಲ್ಯ ಒಂದು ಬೋಗುಣಿ, ಊಟ ಒಂದು, ನಾಷ್ಟಾ ಒಂದು.