ಮಂಡಿ ಅವರದು, ಎದೆಬಡಿತ ನನ್ನದು

ಬೆಳಗ್ಗೆ ಫೋನ್ ಬಡಿದುಕೊಂಡರೆ ಉಳಿದವರು ‘ಯಾರಿರಬಹುದು’ ಅಂದುಕೊಳ್ತಾರೆ. ನಾನು ‘ಯಾರು ಬಿದ್ದರೋ’ ಅಂದುಕೊಳ್ತೀನಿ. ತುಮಕೂರಿನ ಒಂದು ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಆಟದಲ್ಲಿ ಮಂಡಿಯೊಳಗಿನ ಲಿಗಮೆಂಟ್ ಹರಿದುಕೊಂಡು ಆಪರೇಷನ್ ಮಾಡಿಸಿಕೊಂಡವರಿಗೆ ಹಳೇ ವ್ಯಾಯಾಮ ಒಳ್ಳೇದೋ ಹೊಸ ವ್ಯಾಯಾಮ ಒಳ್ಳೇದೋ ಅಂತ ನಮ್ಮ ದೊಡ್ಡ ಡಾಕ್ಟರು ಒಂದು ಸಂಶೋಧನೆ ನಡೆಸ್ತಿದ್ದಾರೆ. ಅದಕ್ಕೆ ಸೇರಿಕೊಂಡ ಆಟಗಾರರ ಮಂಡಿಗಳನ್ನು ಕಾಯೋ ಕೆಲಸ ನನ್ನದು. ಒಬ್ಬ ಅವಸರಪಟ್ಟು ಮೈದಾನಕ್ಕೆ ಇಳಿದು ಮತ್ತೆ ಹರಿದುಕೊಂಡರೆ ಅವನ ಆಟ ಮುಗೀತು, ನಮ್ಮ ಸಂಶೋಧನೆ ಕುಂಟಿತು. ಹಾಗಾಗಿ ನನ್ನ ಎದೆ ಧಸಕ್ ಅನ್ನೋಕೆ ಸದಾ ತಯಾರಿರುತ್ತೆ. ಧಸಕ್ ಅನ್ನಿಸೋಕೆ ಜನವೂ ಅಷ್ಟೇ ತಯಾರಿರ್ತಾರೆ.

ನೋವಿಗೆ ಮಾರ್ಕ್ಸು

ಬಂದವರನ್ನೆಲ್ಲ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: “ನಿಮ್ಮ ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರ?” ಕುಣಿಗಲ್ ಕಡೆಯ ಒಬ್ಬ ಪೈಲ್ವಾನ್ ಹುಡುಗ ತನ್ನ ಗರಡಿಯ ಉಸ್ತಾದರ ಜೊತೆ ಬಂದಿದ್ದ. ಉಸ್ತಾದರು ಬಿಳಿ ಮೀಸೆ ತಿರುವಿಕೊಂಡು ಪಕ್ಕದಲ್ಲೇ ನಿಂತಿದ್ದರು.

“ಸೊನ್ನೆ ಮೇಡಂ,” ಅಂದ ಪೈಲ್ವಾನ್. ಹಣೆಯಲ್ಲಿ ಬೆವರು ಇಳೀತಿತ್ತು.

ನನಗೆ ಭಯ ಆಯಿತು. ಸೊನ್ನೆ ಅಂದವನಿಗೆ ಮುಂದಿನ ಹಂತ ಅಂತ ಭಾರ ಎತ್ತಿಸಬೇಕು. ಎತ್ತಿಸಿದರೆ ಮಂಡಿ ಏನಾದೀತು? ಉಪಾಯ ಮಾಡಿ, “ಉಸ್ತಾದರೇ, ಕೆಳಗೆ ಕ್ಯಾಂಟೀನ್‌ನಲ್ಲಿ ಕಾಫಿ ಚೆನ್ನಾಗಿರುತ್ತೆ, ಕುಡ್ಕೊಂಡು ಬನ್ನಿ,” ಅಂತ ಕಳಿಸಿದೆ. ಅವರ ಹೆಜ್ಜೆ ಸದ್ದು ಮರೆಯಾಗಿದ್ದೇ ತಡ, ಹುಡುಗ ನನ್ನ ಮೇಜು ಹಿಡ್ಕೊಂಡು, “ಒಂಬತ್ತು ಮೇಡಂ! ಉಸ್ತಾದ್ರಿಗೆ ಮಾತ್ರ ಹೇಳ್ಬೇಡಿ, ಗಂಡಸಲ್ವೇನ್ಲಾ ಅಂತಾರೆ,” ಅಂತ ನರಳಿದ. ಭಾರದ ಮಾತು ಬಿಟ್ಟು ಐಸ್ ಇಟ್ಟು ಕಳಿಸಿದೆ.

ಹುಡುಗ ಹೊರಗೆ ಚಪ್ಪಲಿ ಹಾಕ್ಕೊಳ್ತಿದ್ದಾಗ ಉಸ್ತಾದರು ವಾಪಸ್ ಒಳಗೆ ಬಂದು ಬಾಗಿಲು ಮುಂದಕ್ಕೆಳೆದರು. ನನ್ನ ಎದೆ ಮತ್ತೆ ಧಸಕ್ ಅಂತು. ಅವರು ಪಂಚೆ ಮೇಲೆತ್ತಿ, ಊದಿದ ಮಂಡಿ ತೋರಿಸಿ ಪಿಸುಗುಟ್ಟಿದರು: “ನಂದೂ ವಸಿ ನೋಡವ್ವ. ಹತ್ತಕ್ಕೆ ಹನ್ನೊಂದು. ಆ ನನ್ಮಗನಿಗೆ ಮಾತ್ರ ಹೇಳ್ಬೇಡ.”

ಕಂಪ್ಯೂಟರ್ ಯಾರ ಕಡೆ?

ಯಾರಿಗೆ ಹಳೇ ವ್ಯಾಯಾಮ, ಯಾರಿಗೆ ಹೊಸದು ಅನ್ನೋದನ್ನ ನಾವ್ಯಾರೂ ಆರಿಸೋ ಹಾಗಿಲ್ಲ. ಲಾಟರಿ ಎತ್ತಿದ ಹಾಗೆ ಕಂಪ್ಯೂಟರೇ ಆರಿಸುತ್ತೆ. ಗುಬ್ಬಿ ಹತ್ತಿರದ ಒಬ್ಬ ಕಬಡ್ಡಿ ಆಟಗಾರನಿಗೆ ಹಳೇದು ಬಂತು. “ನಾನೇನ್ ಪಾಪ ಮಾಡಿದ್ದೆ ಮೇಡಂ? ಹಳಸಿದ ಅನ್ನ ಬಡಿಸ್ದಂಗೆ ಹಳೇದು ಕೊಡ್ತೀರಲ್ಲ!” ಅಂತ ಮುಖ ಊದಿಸಿಕೊಂಡು ಹೋದ. ಹಳೇದೇ ಒಳ್ಳೇದಿರಬಹುದು, ಅದನ್ನ ತಿಳಿಯೋಕೇ ಈ ಸಂಶೋಧನೆ ಅಂದರೂ ಕೇಳಲಿಲ್ಲ.

ಮಾರನೇ ದಿನ ಅವನ ಊರಿನ ಮುಖಂಡರೊಬ್ಬರ ಫೋನ್ ಬಂತು. ದನಿ ಕೇಳಿಯೇ ನಾನು ಕುರ್ಚಿಯಿಂದ ಎದ್ದು ನಿಂತೆ.

“ನಮ್ ಹುಡುಗನ್ನ ಹೊಸದಕ್ಕೆ ಹಾಕಮ್ಮ.”

“ಆಗಲ್ಲ ಸಾರ್, ಕಂಪ್ಯೂಟರ್ ಹಾಕಿರೋದು.”

“ಆ ಕಂಪ್ಯೂಟರ್ ಮುಂದೆ ಕೂತ್ಕೊಳೋರು ಯಾರು? ಅವ್ರಿಗೆ ಕೊಡು ಫೋನು.”

“ನಾನೇ ಸಾರ್.”

ಕೆಲಸ ಹೋಯಿತು ಅಂದುಕೊಂಡೆ. ಆದರೆ ಮುಖಂಡರು ತುಂಬಾ ಮೆಚ್ಚಿಕೆಯಿಂದ ಅಂದರು: “ಎಲ್ಲಾ ನಿನ್ನ ಕೈಲೇ ಇಟ್ಕೊಂಡು ಕಂಪ್ಯೂಟರ್ ಮೇಲೆ ಹಾಕ್ತೀಯಲ್ಲಮ್ಮ! ಆಸ್ಪತ್ರೆ ಬುಡು, ನಮ್ ಪಾರ್ಟಿಗೆ ಬಂದ್ಬುಡು.”

ಮಲಗವ್ನೆ

ಅದೇ ಕಬಡ್ಡಿ ಹುಡುಗ ಕೊನೆಗೆ ಹಳೇ ವ್ಯಾಯಾಮಕ್ಕೇ ಒಪ್ಪಿಕೊಂಡ. ಆದರೆ ಅವನ ಊರಲ್ಲಿ ಟೂರ್ನಮೆಂಟ್ ಅಂತ ಕೇಳಿದಾಗಿಂದ ನನಗೆ ಊಟ ಸೇರಲಿಲ್ಲ. ಭಾನುವಾರ ಮಧ್ಯಾಹ್ನ ಅವನ ಅಮ್ಮನಿಗೆ ಫೋನ್ ಮಾಡಿದೆ.

“ಮಲಗವ್ನೆ ಕಣವ್ವ. ಕಾಲ್ ಕೆಳಗೇ ಇಟ್ಟಿಲ್ಲ.”

ಹಿಂದಿನಿಂದ ಮೈಕು ಅರಚಿತು. ಅವನದೇ ಹೆಸರು! ‘ನುಗ್ಗಿದ! ಮೂರ್ ಜನಾನ ಒಬ್ನೇ ಎಳ್ಕೊಂಡು ಬಂದ!’

“ಅಮ್ಮ, ಅದೇನು ಸದ್ದು?”

“ಅದಾ? ಟೀವಿ ಕಣವ್ವ,” ಅಂದು ಫೋನ್ ಇಟ್ಟೇಬಿಟ್ಟರು.

ಸಿಕ್ಕಿದ ಬಸ್ ಹತ್ತಿ ಗುಬ್ಬಿಗೆ ಓಡಿದೆ. ದಾರಿಯುದ್ದಕ್ಕೂ ದೊಡ್ಡ ಡಾಕ್ಟರಿಗೆ ಏನು ಹೇಳೋದು ಅಂತ ಮನಸ್ಸಲ್ಲೇ ಅಭ್ಯಾಸ. ಗುಬ್ಬಿಯಿಂದ ಆಟೋ ಹಿಡಿದು, ಜನರನ್ನ ನೂಕಿಕೊಂಡು ಅಂಕಣದ ಹತ್ತಿರ ಹೋದರೆ ಆಡೋರಲ್ಲಿ ಅವನಿಲ್ಲ. ಶಾಮಿಯಾನದ ಕೆಳಗೆ, ಒಂದು ಕುರ್ಚಿಯಲ್ಲಿ ತಾನು ಕೂತು, ಎದುರಿನ ಕುರ್ಚಿಯಲ್ಲಿ ಕಾಲು ನೀಡಿ, ದಿಂಬಿನ ಮೇಲೆ ಮಂಡಿ ಇಟ್ಕೊಂಡು, ಕೈಲಿ ಮೈಕ್ ಹಿಡಿದಿದ್ದ. ಕಾಮೆಂಟ್ರಿ ಅವನದೇ. ಮಧ್ಯೆ ಮಧ್ಯೆ ಹಿಂದೆ ತಾನು ಆಡಿದ ಆಟವನ್ನೂ ತಾನೇ ವರ್ಣಿಸಿಕೊಳ್ತಿದ್ದ.

ನನಗೆ ಅಳುವೇ ಬಂತು. ನನ್ನ ಮುಖ ನೋಡಿ ಅವನು ಮೈಕ್ ಪಕ್ಕಕ್ಕಿಟ್ಟ. “ಮಂಡಿ ಫಸ್ಟ್ ಕ್ಲಾಸ್ ಮೇಡಂ. ಅಳ್ಬೇಡಿ.” ದನಿ ಪೂರ್ತಿ ಬಿದ್ದುಹೋಗಿತ್ತು. “ಗಂಟಲು ಹರ್ಕೊಂಡೈತೆ. ಇದಕ್ಕಾದ್ರೂ ಹೊಸ ವ್ಯಾಯಾಮ ಕೊಡಿ.”

ಇದ್ಯಾವ ಶಾಸ್ತ್ರ?

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನ ಜೀವ ಹಿಂಡಿದ್ದು ಅಮೃತೂರು ಕಡೆಯ ಖೋ-ಖೋ ಹುಡುಗಿ. ಆಡುವಾಗ ಕಂಬ ಬಳಸಿ ತಿರುಗೋಕೆ ಹೋಗಿ ಮಂಡಿ ಹರಿದುಕೊಂಡವಳು. ಆಪರೇಷನ್ ಆಗಿ, ತಿಂಗಳುಗಟ್ಟಲೆ ವ್ಯಾಯಾಮ ಮಾಡಿ, ಒಂಟಿ ಕಾಲಲ್ಲಿ ಅಲ್ಲಾಡದೆ ನಿಲ್ಲೋ ಪರೀಕ್ಷೆಯೊಂದು ಬಾಕಿ ಇತ್ತು. ಅದರಲ್ಲಿ ಪಾಸಾದರೆ ದೊಡ್ಡ ಡಾಕ್ಟರು ಮತ್ತೆ ಆಡೋಕೆ ಒಪ್ಪಿಗೆ ಕೊಡೋರು. ಆಸ್ಪತ್ರೆಗೆ ಬರೋಕಾಗಲ್ಲ, ಮನೆಗೇ ಬನ್ನಿ ಅಂತ ದಿನವನ್ನೂ ಅವಳೇ ಹೇಳಿದಳು.

ಹೋದರೆ ಅಂಗಳದಲ್ಲಿ ರಂಗೋಲಿ, ಒಳಗಿಂದ ಕೇಸರಿಭಾತಿನ ವಾಸನೆ. ಅವಳನ್ನ ನೋಡೋಕೆ ಗಂಡಿನ ಕಡೆಯವರು ಬರೋ ದಿನ! ಅವಳಮ್ಮ ನನ್ನ ನೋಡಿ ಬಿಳಿಚಿಕೊಂಡರು. “ಆಪರೇಷನ್ ವಿಷ್ಯ ಅವ್ರಿಗೆ ಹೇಳಿಲ್ಲ ಕಣವ್ವ. ನೀನು ನಮ್ಮ ನೆಂಟರವಳು ಅಂತ ಸುಮ್ನೆ ಕೂತ್ಕೊ.” ಹುಡುಗಿ ಬಾಗಿಲ ಸಂದಿಯಿಂದ ನನಗೆ ಕಣ್ಣು ಹೊಡೆದಳು. ಬೇಕಂತಲೇ ಕರೆಸಿದ್ದಾಳೆ! ನನ್ನ ಬಾಯಿಂದ ವಿಷಯ ಬಿದ್ದರೆ ಸಂಬಂಧ ತಪ್ಪುತ್ತೆ, ಅವಳು ಆಟಕ್ಕೆ ಹೋಗಬಹುದು. ಆದರೆ ಸಂಶೋಧನೆಗೆ ಸೇರಿದವರ ವಿಷಯ ಇನ್ನೊಬ್ಬರಿಗೆ ಹೇಳೋದು ನನಗೆ ನಿಷಿದ್ಧ. ಬ್ಯಾಗನ್ನ ಮೂಲೇಲಿ ಸುತ್ತಿಟ್ಟ ಚಾಪೆ ಹಿಂದೆ ತಳ್ಳಿ ಕೂತೆ.

ಗಂಡಿನ ಕಡೆಯವರು ಬಂದರು. ಗಂಡು ಒಳಗೆ ಕಾಲಿಟ್ಟು ನನ್ನ ನೋಡಿ ಹೊಸಿಲಲ್ಲೇ ನಿಂತುಬಿಟ್ಟ. ಕ್ಯಾತ್ಸಂದ್ರದ ವಾಲಿಬಾಲ್ ಆಟಗಾರ. ಅವನ ಮಂಡಿಯೂ ನಮ್ಮ ಸಂಶೋಧನೆಯಲ್ಲೇ ಇದೆ! ಆಸ್ಪತ್ರೆಗೆ ಯಾವಾಗಲೂ ಒಬ್ಬನೇ ಬರ್ತಿದ್ದರಿಂದ ಅವನ ಮನೆಯವರಿಗೆ ನಾನು ಗೊತ್ತಿಲ್ಲ.

ಅವನಮ್ಮ ಕೂತವರೇ, “ನಮ್ ಹುಡ್ಗ ಗುಂಡುಕಲ್ಲು ಇದ್ದಂಗೆ. ಇವತ್ತಿನವರ್ಗೂ ಒಂದು ಇಂಜೆಕ್ಷನ್ ತಗೊಂಡಿಲ್ಲ,” ಅಂದರು. ಆ ಗುಂಡುಕಲ್ಲಿನ ಮಂಡಿಯೊಳಗಿನ ಸ್ಕ್ರೂಗಳನ್ನ ನಾನು ಎಕ್ಸ್‌ರೇಯಲ್ಲಿ ನೋಡಿದ್ದೆ. “ನಮ್ ಮಗಳೂ ಅಷ್ಟೇ, ಜಿಂಕೆ,” ಅಂದರು ಹುಡುಗಿಯ ಅಮ್ಮ. ಗುಂಡುಕಲ್ಲು ನನ್ನ ನೋಡಿ ಕಣ್ಣಲ್ಲೇ ಕೈ ಮುಗೀತು. ಜಿಂಕೆ ‘ಹೇಳಿ ಹೇಳಿ’ ಅಂತ ಹುಬ್ಬು ಹಾರಿಸ್ತು. ನಾನು ಕೇಸರಿಭಾತನ್ನ ಬಾಯಿ ತುಂಬ ತುಂಬಿಕೊಂಡೆ. ಮಾತಾಡದೇ ಇರೋಕೆ ನನಗೆ ಬೇರೆ ದಾರಿ ಕಾಣಲಿಲ್ಲ.

ಕೊನೆಗೆ ಯಾರೋ, “ಹುಡ್ಗ ಹುಡ್ಗಿ ಹಿತ್ತಲಲ್ಲಿ ಒಂದೆರಡು ಮಾತಾಡ್ಲಿ ಬುಡಿ,” ಅಂದರು. ಇಬ್ಬರೂ ಹೋದರು. ಹೊತ್ತಾಯಿತು. ಮಾತಿನ ಸದ್ದೇ ಇಲ್ಲ. ಜಗಳವೋ, ಬಿದ್ದುಬಿಟ್ಟರೋ ಅಂತ ನನಗೆ ಕೂರೋಕಾಗಲಿಲ್ಲ. ಕಿಟಕಿಗೆ ಹೋಗಿ ಇಣುಕಿದೆ. ನನ್ನ ಹಿಂದೆ ಅವರೆಲ್ಲ ಬಂದು ಇಣುಕಿದರು.

ಬಟ್ಟೆ ಒಗೆಯೋ ಕಲ್ಲಿನ ಪಕ್ಕ, ರೇಷ್ಮೆ ಸೀರೆಯ ಹುಡುಗಿ ಒಂಟಿ ಕಾಲಲ್ಲಿ ನಿಂತಿದ್ದಳು. ಅವಳೆದುರು ಇಸ್ತ್ರಿ ಪ್ಯಾಂಟಿನ ಹುಡುಗ ಒಂಟಿ ಕಾಲಲ್ಲಿ ನಿಂತಿದ್ದ. ಇಬ್ಬರೂ ಎದೆ ಮೇಲೆ ಕೈ ಕಟ್ಟಿಕೊಂಡು, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡ್ತಿದ್ದರು.

ಹುಡುಗನ ಅಮ್ಮ ನಿಧಾನಕ್ಕೆ ಕೇಳಿದರು: “ಇದ್ಯಾವ ಶಾಸ್ತ್ರ ಕಣವ್ವ, ನಿಮ್ ಕಡೇದಾ?”

ಹುಡುಗಿಯ ಅಮ್ಮ ಕಕ್ಕಾಬಿಕ್ಕಿ: “ನಾವು ನಿಮ್ ಕಡೇದು ಅನ್ಕೊಂಡ್ವಿ!”

ಆಮೇಲೆ ಮುಚ್ಚಿಡೋಕೆ ಏನೂ ಉಳಿಯಲಿಲ್ಲ. ಹುಡುಗಿ ಹಿತ್ತಲಿಗೆ ಹೋದವಳೇ ಆಪರೇಷನ್ ವಿಷಯ ಹೇಳಿಬಿಟ್ಟಿದ್ದಳು. ಅವನು ‘ನಂಗೂ ಆಗೈತೆ’ ಅಂದಿದ್ದ. ಯಾರ ಕಾಲು ಗಟ್ಟಿ ಅಂತ ಪಂದ್ಯ ಶುರುವಾಗಿತ್ತು. ಎರಡೂ ಕಡೆಯವರು ಸುಳ್ಳು ಹೇಳಿದ್ದರಿಂದ ಯಾರೂ ಯಾರನ್ನೂ ಬೈಯೋ ಹಾಗಿರಲಿಲ್ಲ. ನಕ್ಕು, ಇನ್ನೊಂದು ಸುತ್ತು ಕಾಫಿ ಕುಡಿದು, ಸಂಬಂಧ ಒಪ್ಪಿಗೆ ಅಂತಲೇ ಎದ್ದರು.

ಹುಡುಗಿ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾದಳು, ದೊಡ್ಡ ಡಾಕ್ಟರ ಒಪ್ಪಿಗೆ ಸಿಕ್ಕಿ ಖೋ-ಖೋ ಅಂಕಣಕ್ಕೂ ಇಳಿದಳು. ಮದುವೆ ಮಾತ್ರ ಬೇಡ ಅಂದುಬಿಟ್ಟಳಂತೆ. ಮುಂದಿನ ಸಲ ಆಸ್ಪತ್ರೆಗೆ ಬಂದಾಗ ನನಗೆ ತಡೆಯಲಾಗಲಿಲ್ಲ. “ಯಾಕೇ? ಹುಡುಗ ಒಳ್ಳೆಯವನಲ್ವಾ? ನಿನ್ನ ಕಷ್ಟ ಅವನಿಗೂ ಗೊತ್ತು,” ಅಂದೆ.

“ಒಳ್ಳೆಯವ್ನೇ ಮೇಡಂ,” ಅಂದಳು, ಶೂ ಲೇಸ್ ಬಿಗಿ ಮಾಡ್ಕೊಳ್ತಾ. “ಆದ್ರೆ ಮೊದ್ಲು ಕಾಲು ಕೆಳಗಿಟ್ಟಿದ್ದು ಅವ್ನೇ. ಇಂಥೋನ್ನ ಕಟ್ಕೊಂಡು ಏನ್ ಮಾಡ್ಲಿ?”