ಶ್ರಾವಣ ಶನಿವಾರದ ಟರ್ಕಿ ಉಂಡೆಗಳು

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಾನು ಮಿಷಿಗನ್ನಿನ ಪ್ಲಿಮತ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ, ಕಾರಿನ ಬಲಗಡೆಯ ಹೆಡ್‌ಲೈಟಿನಿಂದ ಎರಡು ಅಡಿ ದೂರದಲ್ಲಿ ನಿಂತಿದ್ದೆ. ಗ್ಯಾರೇಜಿನ ದೊಡ್ಡ ಬಾಗಿಲು ಮುಚ್ಚಿತ್ತು. ಕೈಗೆ ನೀಲಿ ಗ್ಲೌಸ್ ಇತ್ತು. ಎದುರಿನ ಮಡಚುವ ಮೇಜಿನ ಮೇಲೆ ಎರಡು ಪೌಂಡ್ ಟರ್ಕಿ ಕೈಮ ಇತ್ತು. ಟರ್ಕಿ ಎಂದರೆ ಕೋಳಿಯ ದೊಡ್ಡಪ್ಪನಂಥ ಒಂದು ಹಕ್ಕಿ. ನನ್ನ ಐವತ್ತೆರಡು ವರ್ಷದ ಬದುಕಿನಲ್ಲಿ ಅದುವರೆಗೆ ನಾನು ಒಂದು ಮೊಟ್ಟೆಯನ್ನೂ ಒಡೆದವನಲ್ಲ.

ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ಕಾರಣವಿದೆ. ಆ ದಿನದ ಬಗ್ಗೆ ನಮ್ಮ ಸಬ್‌ಡಿವಿಷನ್ನಿನಲ್ಲಿ, ಎಂದರೆ ಬಡಾವಣೆಯಲ್ಲಿ, ಮೂರು ಬೇರೆ ಬೇರೆ ಕಥೆಗಳು ಓಡಾಡುತ್ತಿವೆ. ಒಂದರಲ್ಲಿ ಫೈರ್ ಇಂಜಿನ್ ಬರುತ್ತದೆ. ಫೈರ್ ಇಂಜಿನ್ ಬರಲಿಲ್ಲ. ನಾನು ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಕ್ವಾಲಿಟಿ ವಿಭಾಗದವನು. ಯಾವುದು, ಎಲ್ಲಿ, ಏಕೆ ಕೆಟ್ಟಿತು ಎಂದು ವರದಿ ಬರೆಯುವುದೇ ನನ್ನ ಹೊಟ್ಟೆಪಾಡು. ಆದ್ದರಿಂದ ಕೆಟ್ಟದ್ದನ್ನೆಲ್ಲ ಕೆಟ್ಟ ಕ್ರಮದಲ್ಲೇ ಬರೆಯುತ್ತೇನೆ.

ಪಕ್ಕದ ಮನೆಯ ಪೀಟ್ ಅವರಿಗೆ ಎಪ್ಪತ್ತಾರು ವರ್ಷ. ಗ್ರೀಕ್ ಮೂಲದವರು, ಒಂಟಿ ಜೀವ. ಎರಡು ವರ್ಷದ ಹಿಂದೆ ನನ್ನ ಬೆನ್ನಿನ ಡಿಸ್ಕ್ ಜಾರಿ ನಾನು ಮಲಗಿದ್ದಾಗ, ಇಡೀ ಚಳಿಗಾಲ ನಮ್ಮ ಡ್ರೈವ್‌ವೇಯ ಹಿಮ ತೆಗೆದವರು ಅವರು. ನಾನು ಏಳುವುದರೊಳಗೆ ಕೆಲಸ ಮುಗಿಸಿ ಹೋಗಿರುತ್ತಿದ್ದರು. ಥ್ಯಾಂಕ್ಸ್ ಹೇಳಲು ಹೋದರೆ ಕೈ ಬೀಸಿ ಒಳಗೆ ಹೋಗುತ್ತಿದ್ದರು. ಈ ಬೇಸಿಗೆಯಲ್ಲಿ ಅವರಿಗೇ ಮಂಡಿಯ ಆಪರೇಷನ್ ಆಯಿತು. ಆಮೇಲೆ ಊಟ ಸೇರಲಿಲ್ಲ. ನಡೆಯಿರಿ ಎಂದು ಡಾಕ್ಟರ್ ಹೇಳಿದರೆ ಕಿಟಕಿಯ ಪಕ್ಕದ ಕುರ್ಚಿಯಿಂದ ಬಚ್ಚಲುಮನೆಯವರೆಗೆ ನಡೆದು ಸುಮ್ಮನಾಗುತ್ತಿದ್ದರು. ನಾಲ್ಕೈದು ಗಂಟೆ ದಾರಿಯ ಸ್ಕೋಕಿ ಎಂಬ ಊರಿನಲ್ಲಿರುವ ಅವರ ಮಗಳು ಕ್ರಿಸ್ಟೀನಾ ಕೊನೆಗೆ ಗಡುವು ಕೊಟ್ಟಳು. ತಿಂಗಳ ಕೊನೆಯೊಳಗೆ ಸರಿಯಾಗಿ ತಿಂದು, ನಡೆದು ತೋರಿಸದಿದ್ದರೆ ಮನೆಗೆ ಬೀಗ ಹಾಕಿ ಅಪ್ಪನನ್ನು ತನ್ನ ಅಪಾರ್ಟ್‌ಮೆಂಟಿಗೆ ಕರೆದುಕೊಂಡು ಹೋಗುತ್ತಾಳಂತೆ. ಪೀಟ್ ಅವರಿಗೆ ಆ ಮನೆ ಬಿಡುವುದು ಬೇಡ. ನನಗೆ ಪೀಟ್ ಅವರನ್ನು ಬಿಡುವುದು ಬೇಡ.

ಅಷ್ಟರಲ್ಲಿ ಕ್ರಿಸ್ಟೀನಾ ಅಕ್ಕಪಕ್ಕದವರಿಗೆಲ್ಲ ಒಂದು ಪಟ್ಟಿ ಕಳಿಸಿದಳು. ದಿನಕ್ಕೊಬ್ಬರು ಅಪ್ಪನಿಗೆ ಊಟ ಕೊಡಬೇಕು. ಬೇಕಾದ ದಿನದ ಮುಂದೆ ಹೆಸರು ಹಾಕಬೇಕು. ಶನಿವಾರದ ಮುಂದೆ ತಿಂಡಿಯ ಹೆಸರನ್ನೂ ಅವಳೇ ಬರೆದಿದ್ದಳು. ಉದ್ದವಾಗಿತ್ತು. ನನ್ನ ಫೋನಿನ ಪರದೆಯಲ್ಲಿ ಅದರ ಬಾಲ ಮಾತ್ರ ಕಂಡಿತು: ಮೊಸರು ಮತ್ತು ಸೌತೆಕಾಯಿ. ನನಗೆ ನಗು ಬಂತು. ಮೊಸರಿನಲ್ಲಿ ಸೌತೆಕಾಯಿ ಹೆಚ್ಚಿ ಹಾಕಲು ನಮಗೆ ಯಾರಾದರೂ ಕಲಿಸಬೇಕೆ! ಶನಿವಾರದ ಮುಂದೆ ನನ್ನ ಹೆಸರು ಒತ್ತಿಬಿಟ್ಟೆ.

ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ ವಸುಧಾ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಓದಿದಳು.

"ರೀ, ಇದು ಗ್ರೀಕ್ ಶೈಲಿಯ ಟರ್ಕಿ ಮೀಟ್‌ಬಾಲ್ಸ್. ಮೊಸರು ಸೌತೆಕಾಯಿ ನಂಚಿಕೊಳ್ಳೋದಿಕ್ಕೆ."

"ಹೆಸರು ತೆಗೆದುಬಿಡ್ತೀನಿ ಬಿಡು."

"ಹೇಗೆ ತೆಗೀತೀರಾ? ಅವಳು ಆಗಲೇ ಉತ್ತರ ಬರೆದಿದಾಳೆ. 'ಅಪ್ಪ ಇವತ್ತು ಮೊದಲ ಸಲ ಊಟದ ವಿಷಯ ಮಾತಾಡಿದರು, ಶನಿವಾರ ಯಾವಾಗ ಅಂತ ಕೇಳ್ತಿದಾರೆ' ಅಂತ."

ಇಬ್ಬರೂ ಸಾರನ್ನ ಮುಗಿಸಿದೆವು. ಆಮೇಲೆ ವಸುಧಾ ಕಟ್ಟಳೆಗಳನ್ನು ಹೇಳಿದಳು. ಅಡುಗೆಮನೆಗೆ ಆ ಪದಾರ್ಥ ಬರಕೂಡದು. ಅಡುಗೆಮನೆಯ ಒಂದು ಚಮಚವೂ ಹೊರಗೆ ಹೋಗಕೂಡದು. ಗ್ಯಾರೇಜಿನ ಬಾಗಿಲು ತೆರೆಯಕೂಡದು, ಏಕೆಂದರೆ ಎದುರು ಮನೆಯ ಸರೋಜಾ ಆಂಟಿ ದಿನಾ ಮಧ್ಯಾಹ್ನ ಆ ದಾರಿಯಲ್ಲೇ ವಾಕಿಂಗ್ ಹೋಗುತ್ತಾರೆ. ಶನಿವಾರದ ಭಜನೆ ನಡೆಸುವವರು ಅವರೇ.

ಹಾಗೆ ನಾನು ಒಂದು ಟೋಸ್ಟರ್ ಅವನ್, ತಗಡಿನ ಟ್ರೇಗಳು ಮತ್ತು ಗ್ಲೌಸುಗಳೊಂದಿಗೆ ಗ್ಯಾರೇಜಿಗೆ ಗಡೀಪಾರಾದೆ.

ಮೊದಲ ತೊಡಕು ರುಚಿ ನೋಡುವುದರದು. ಮಾಡುವುದನ್ನು ಹೇಗೋ ಮಾಡಬಹುದು, ನೋಡುವವರು ಯಾರು? ಗದಗಿನ ಗೆಳೆಯ ಪರಶುರಾಮ ನೆನಪಾದ. ನಾಲ್ಕು ಮೈಲಿ ಆಚೆ ಇದ್ದಾನೆ, ಮಾಂಸದ ಅಡುಗೆಯಲ್ಲಿ ಪಳಗಿದವನು. ಬೆಳಿಗ್ಗೆಯೇ ಫೋನ್ ಮಾಡಿದೆ.

"ಅಲ್ಲೋ ಶ್ರೀನಿವಾಸ, ಶ್ರಾವಣ ಮಾಸ, ಅದರಾಗ ಶನಿವಾರ! ಇವತ್ತ ನಾ ಮುಟ್ಟಂಗಿಲ್ಲ."

"ಒಂದೇ ಒಂದು ಉಂಡೆ ಕಣೋ. ಬಾಯಿಗೆ ಹಾಕಿ ಉಗುಳಿಬಿಡು."

"ಏ, ಹೋಗೋ! ಮಡಿ ಮನಿಯಾವ ನೀ ಕೋಳಿ ಬೇಯಸಾಕತ್ತಿ, ಕೋಳಿ ತಿನ್ನಾವ ನಾ ಉಪವಾಸ ಕುಂತೀನಿ. ದೇವರು ಮ್ಯಾಲಿಂದ ನೋಡಿ ಗಾಬರಿ ಆಗಿರಬೇಕು!" ಎಂದು ಇಟ್ಟುಬಿಟ್ಟ.

ವಸುಧಾ ಮಾತ್ರ ಧೈರ್ಯಗೆಡಲಿಲ್ಲ. "ಹಬ್ಬದ ದಿನ ಇಪ್ಪತ್ತು ಜನಕ್ಕೆ ಅಡುಗೆ ಮಾಡ್ತೀನಿ. ನೈವೇದ್ಯ ಆಗೋವರೆಗೂ ನಾಲಿಗೆಗೆ ಮುಟ್ಟಿಸ್ತೀನಾ? ವಾಸನೆಯಲ್ಲೇ ಉಪ್ಪು ಗೊತ್ತಾಗುತ್ತೆ. ನಾನು ಬಾಗಿಲಲ್ಲಿ ನಿಂತು ಹೇಳ್ತೀನಿ, ನೀವು ಮಾಡಿ" ಎಂದಳು. ನನಗೆ ಪೂರ್ಣ ಭರವಸೆ ಬಂತು. ಮೂವತ್ತು ವರ್ಷದ ಅನುಭವದ ಮಾತು ಅದು.

ಎರಡು ನಲವತ್ತಕ್ಕೆ ನಾನು ಕೈಮಕ್ಕೆ ಕೈ ಹಾಕಿದೆ. ವಸುಧಾ ಮನೆಯಿಂದ ಗ್ಯಾರೇಜಿಗೆ ಬರುವ ಸಣ್ಣ ಬಾಗಿಲಲ್ಲಿ, ದುಪಟ್ಟಾವನ್ನು ನಾಲ್ಕು ಮಡಿಕೆ ಮಾಡಿ ಮೂಗಿಗೆ ಒತ್ತಿಕೊಂಡು ನಿಂತಳು. ವಾಸನೆಯ ಮೇಲೆ ಉಪ್ಪು ಹೇಳಬೇಕಾದವಳು ಮೂಗು ಮುಚ್ಚಿಕೊಂಡು ನಿಂತಿದ್ದಾಳೆ ಎಂಬುದು ನಮ್ಮಿಬ್ಬರಿಗೂ ಆಗ ಹೊಳೆಯಲಿಲ್ಲ.

"ಕೈಗೆ ಅಂಟ್ತಾ ಇದೆ ಕಣೇ, ಉಂಡೆ ನಿಲ್ತಾ ಇಲ್ಲ."

"ರೆಸಿಪಿಯಲ್ಲಿ ಮೊಟ್ಟೆ ಹಾಕಬೇಕು ಅಂತ ಬರೆದಿದೆ, ಅದೆಲ್ಲ ಬೇಡ. ಅಕ್ಕಿ ಹಿಟ್ಟು ಹಾಕಿ. ಕೋಡುಬಳೆಗೆ ಹಾಕಲ್ವಾ?"

ಒಂದು ಬಟ್ಟಲು ಹಾಕಿದೆ. ಇನ್ನೊಂದು ಬಟ್ಟಲು ಹಾಕಿದೆ. ಬೆಳ್ಳುಳ್ಳಿ ಜಜ್ಜಿ ಹಾಕಿದೆ. ಹಿಟ್ಟು ಈಗ ಮಾತು ಕೇಳತೊಡಗಿತು. ಒಂದೊಂದು ಉಂಡೆಯೂ ಒಂದೂವರೆ ಇಂಚು ಇರಬೇಕು ಎಂದು ಬರೆದಿತ್ತು. ಅಳತೆ ನನ್ನ ವೃತ್ತಿ. ಗ್ಯಾರೇಜಿನಲ್ಲಿದ್ದ ವರ್ನಿಯರ್ ಕ್ಯಾಲಿಪರ್ ತೊಳೆದು ತಂದು ಮೂವತ್ತಾರು ಉಂಡೆಗಳನ್ನೂ ಅಳೆದೆ. ಎರಡನ್ನು ತಿರಸ್ಕರಿಸಿ ಮತ್ತೆ ಕಟ್ಟಿದೆ. ಇಡೀ ಮಿಷಿಗನ್ನಿನಲ್ಲಿ ಇಷ್ಟು ಸಮನಾದ ಮೀಟ್‌ಬಾಲ್ ಯಾರೂ ಮಾಡಿರಲಾರರು. ಉಪ್ಪು ಹಾಕಿದೆನೇ ಎಂಬ ವಿಷಯ ಅಳತೆಯ ಸಂಭ್ರಮದಲ್ಲಿ ಬರಲೇ ಇಲ್ಲ.

ಆ ಹೊತ್ತಿಗೆ ಅಡುಗೆಮನೆಯಲ್ಲಿ ಮೊಸರಿನ ಭಾಗ ತಯಾರಾಗಿತ್ತು. ಅದರಲ್ಲಿ ಸಬ್ಬಸಿಗೆ ಸೊಪ್ಪು ಬೇಕು ಎಂದು ಓದಿ ವಸುಧಾಗೆ ಗ್ರೀಕರ ಮೇಲೆ ಒಮ್ಮೆಲೇ ಗೌರವ ಹುಟ್ಟಿತ್ತು. ಶ್ರಾವಣದಲ್ಲಿ ಬೆಳ್ಳುಳ್ಳಿ ಒಳಗೆ ಬರುವಂತಿರಲಿಲ್ಲ. ಅದರ ಬದಲು ಹಸಿಮೆಣಸಿನಕಾಯಿ, ಶುಂಠಿ, ಮೇಲೆ ಸಾಸಿವೆ ಇಂಗಿನ ಒಗ್ಗರಣೆ.

ಮೂರು ಇಪ್ಪತ್ತಕ್ಕೆ ಮೊದಲ ಟ್ರೇ ಹೊರಗೆ ಬಂತು. ಉಂಡೆಗಳು ಬಿಳಿಚಿಕೊಂಡು ಗಟ್ಟಿಯಾಗಿ ಕೂತಿದ್ದವು. ಆಗ ಹದಿನಾರು ವರ್ಷದ ನಮ್ಮ ಮಗಳು ಅದಿತಿ ಸೈಕಲ್ ತೆಗೆದುಕೊಳ್ಳಲು ಅಮ್ಮನ ಪಕ್ಕದಿಂದ ನುಗ್ಗಿ ಗ್ಯಾರೇಜಿಗೆ ಬಂದಳು. ಕಣ್ಣು ಫೋನಿನಲ್ಲಿ. ಕೈ ತಾನಾಗಿ ಟ್ರೇಗೆ ಹೋಯಿತು. ಒಂದು ಉಂಡೆ ಬಾಯಿಗೆ ಹೋಯಿತು.

"ಡ್ಯಾಡ್, ನೋ ಸಾಲ್ಟ್," ಎಂದಳು ತಲೆ ಎತ್ತದೆ. "ಅಂಡ್ ಇಟ್ಸ್ ಡ್ರೈ. ಬಟ್ ಟರ್ಕಿ ಈಸ್ ಆಲ್ವೇಸ್ ಡ್ರೈ."

ಬಾಗಿಲಲ್ಲಿ ದುಪಟ್ಟಾ ನಿಧಾನವಾಗಿ ಮೂಗಿನಿಂದ ಕೆಳಗಿಳಿಯಿತು.

"ಆಲ್ವೇಸ್ ಅಂದ್ರೆ?" ಎಂದಳು ವಸುಧಾ.

ಅದಿತಿ ಅಗಿಯುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಿದಳು. ನಾನು ಉಂಡೆಗಳನ್ನು ನೋಡಿದೆ.

"ಅದಿತಿ. ಮೇಲೆ ನಡಿ."

ಇಬ್ಬರೂ ಒಳಗೆ ಹೋದರು. ಹೋಗುವಾಗ ವಸುಧಾ, "ನೀವು ಆ ಕೈಯಲ್ಲಿ ಬಾಗಿಲು ಮುಟ್ಟಬೇಡಿ" ಎಂದು ಹೇಳಿ ಒಳಗಿನಿಂದ ಚಿಲಕ ಹಾಕಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿತು. ನನ್ನ ಫೋನ್ ಅಡುಗೆಮನೆಯಲ್ಲಿ ಚಾರ್ಜಿಗಿತ್ತು.

ಡ್ರೈ ಎಂಬ ದೂರಿಗೆ ಪರಿಹಾರ ಎಣ್ಣೆ ಎಂದು ನಾನು ತೀರ್ಮಾನಿಸಿದೆ. ಇದು ತಪ್ಪು ತೀರ್ಮಾನ ಎಂದು ಇಂದು ಒಪ್ಪುತ್ತೇನೆ. ಎಲ್ಲ ಉಂಡೆಗಳ ಮೇಲೂ ಪುಡಿ ಉಪ್ಪು ಉದುರಿಸಿ, ಎರಡನೆಯ ಟ್ರೇಗೆ ಆಲಿವ್ ಎಣ್ಣೆ ಧಾರಾಳವಾಗಿ ಸುರಿದು, ಬೇಗ ಆಗಲೆಂದು ಅವನ್ ಅನ್ನು ನಾನೂರೈವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ತಿರುಗಿಸಿದೆ. ತಗಡಿನ ಟ್ರೇ ಬಾಗಿತು. ಎಣ್ಣೆ ಕೆಳಗಿನ ಕೆಂಡದಂಥ ಸರಳಿನ ಮೇಲೆ ಬಿತ್ತು. ಹೊಗೆ ಎದ್ದಿತು. ಅದೇ ಕ್ಷಣಕ್ಕೆ ಮೂಲೆಯ ಹಳೆಯ ಫ್ರೀಜರ್ ತಾನೂ ಇದ್ದೇನೆಂದು ಗುರ್ ಎಂದಿತು. ಎರಡರ ಭಾರಕ್ಕೆ ಬ್ರೇಕರ್ ಬಿದ್ದು, ಲೈಟ್ ಹೋಯಿತು.

ಕತ್ತಲೆ. ಹೊಗೆ. ಗೋಡೆಯ ಮೇಲಿನ ಬಾಗಿಲಿನ ಬಟನ್ ಒತ್ತಿದೆ. ಕರೆಂಟಿಲ್ಲದೆ ಅದು ಏನು ಮಾಡೀತು! ಸಣ್ಣ ಬಾಗಿಲು ಬಡಿದೆ, ಮೊಣಕೈಯಿಂದ; ಕೈ ಮುಟ್ಟಿಸುವಂತಿರಲಿಲ್ಲ. ಮೇಲಿನ ಕೋಣೆಯಲ್ಲಿ ವಿಚಾರಣೆ ಎಷ್ಟು ಜೋರಾಗಿತ್ತೆಂದರೆ ಯಾರಿಗೂ ಕೇಳಲಿಲ್ಲ. ಕೊನೆಗೆ ನಾನು ನೆಲಕ್ಕೆ ಬಿದ್ದು, ದೊಡ್ಡ ಬಾಗಿಲಿನ ಅಡಿಯಲ್ಲಿ ಬೆಳಕು ಬರುತ್ತಿದ್ದ ಸಂದಿಗೆ ಮೂಗಿಟ್ಟು ಉಸಿರಾಡಿದೆ. "ಹಲೋ" ಎಂದೆ. ಯಾರಿಗೆ ಎಂದು ಗೊತ್ತಿಲ್ಲ.

ಎಷ್ಟು ಹೊತ್ತು ಎಂದು ಹೇಳಲಾರೆ, ವಾಚ್ ಕಾಣುತ್ತಿರಲಿಲ್ಲ. ಸಂದಿಯಲ್ಲಿ ಮೊದಲು ನಾಲ್ಕು ಲೋಹದ ಕಾಲುಗಳು ಕಂಡವು. ಆಮೇಲೆ ಮನೆಯಲ್ಲಿ ಹಾಕುವ ಎರಡು ಚಪ್ಪಲಿ.

"ಶ್ರೀ! ಒಳಗಿದ್ದೀಯಾ? ಕೆಂಪು ಹಗ್ಗ ಎಳಿ!"

ಕರೆಂಟ್ ಹೋದಾಗ ಬಾಗಿಲನ್ನು ಕೈಯಿಂದ ಎತ್ತಲೆಂದು ಪ್ರತಿ ಗ್ಯಾರೇಜಿನ ಸೂರಿನಲ್ಲೂ ಒಂದು ಕೆಂಪು ಹಗ್ಗ ತೂಗುತ್ತದೆ. ಹದಿನಾಲ್ಕು ವರ್ಷದಿಂದ ಅದು ನನ್ನ ತಲೆಗೆ ತಾಗುತ್ತಲೇ ಇದೆ. ನಾನು ಇಂಜಿನಿಯರ್.

ಎಳೆದೆ, ಎತ್ತಿದೆ. ಹೊಗೆ ನನಗಿಂತ ಮೊದಲು ಹೊರಗೆ ಹೋಯಿತು. ಎದುರಿಗೆ ವಾಕರ್ ಹಿಡಿದು, ಬೆವರು ಸುರಿಸುತ್ತ ಪೀಟ್ ನಿಂತಿದ್ದರು. ಮೂರು ವಾರದಲ್ಲಿ ಬಚ್ಚಲುಮನೆಗಿಂತ ಆಚೆ ಹೋಗದಿದ್ದವರು ಎರಡು ಹುಲ್ಲುಹಾಸು ದಾಟಿ ಬಂದಿದ್ದರು. ನಾನು ಅವರಿಗೆ ಊಟ ಕೊಡಬೇಕಾದ ಹೊತ್ತಿಗೆ ಅವರು ನನ್ನನ್ನು ಹೊರಗೆ ತೆಗೆಯುತ್ತಿದ್ದರು.

"ಫೈರ್‌ನವರನ್ನು ಕರೆದಿರಾ?" ಎಂದು ಕೇಳಿದೆ.

"ಕಿಟಕಿಯಿಂದ ಹೊಗೆ ಕಂಡು ಫೋನ್ ಎತ್ತಿದ್ದೆ. ಅಷ್ಟರಲ್ಲಿ ಬೆಳ್ಳುಳ್ಳಿ ವಾಸನೆ ಬಂತು. ಓಹೋ, ನನ್ನ ಊಟ ಸುಡ್ತಾ ಇದೆ ಅಂದುಕೊಂಡು ಎದ್ದು ಬಂದೆ."

ನಾನು ಒಂದು ಮಡಚುವ ಕುರ್ಚಿ ಹಾಕಿ ಅವರನ್ನು ಡ್ರೈವ್‌ವೇಯಲ್ಲೇ ಕೂರಿಸಿ, ಮೊದಲ ಟ್ರೇ ಅವರ ತೊಡೆಯ ಮೇಲಿಟ್ಟೆ. ಸರಿಯಾಗಿ ಆಗಲೇ ಬಿಳಿ ಸ್ನೀಕರ್ಸ್ ಹಾಕಿದ ಸರೋಜಾ ಆಂಟಿ ರಸ್ತೆಯಲ್ಲಿ ನಿಂತರು. ಹೊಗೆ ನೋಡಿದರು. ಕಣ್ಣು ಕೆಂಪಾಗಿ ಬೆವೆತ ನನ್ನನ್ನು ನೋಡಿದರು.

"ಏನಪ್ಪಾ ಶ್ರೀನಿವಾಸ, ಮನೇಲಿ ಹೋಮಾನಾ? ಒಂದು ಮಾತು ಹೇಳಲೇ ಇಲ್ಲ!"

ಮನುಷ್ಯ ಯಾವ ಹೊತ್ತಿಗೆ ಸುಳ್ಳು ಹೇಳುತ್ತಾನೆಂದು ಹೇಳುವುದು ಕಷ್ಟ. "ಹೌದು ಆಂಟಿ, ಚಿಕ್ಕದಾಗಿ" ಎಂದೆ.

"ಒಳ್ಳೇದಾಯ್ತು. ಪ್ರಸಾದ?" ಎಂದು ಅಂಗೈ ಚಾಚಿದರು.

ಪೀಟ್ ಅವರಿಗೆ ಕನ್ನಡ ಬಾರದು. ಆದರೆ ಚಾಚಿದ ಕೈ ಎಲ್ಲ ಭಾಷೆಯಲ್ಲೂ ಒಂದೇ. ಅವರು ಸಂತೋಷದಿಂದ ಒಂದು ಉಂಡೆ ಎತ್ತಿ ಆಂಟಿಯ ಕಡೆಗೆ ಹಿಡಿದರು.

"ಬೇಡ ಆಂಟಿ!" ಎಂದು ನಾನು ನಡುವೆ ಹಾರಿದೆ. "ಅದು ಕೋಳಿ!"

ಆಂಟಿಯ ಕೈ ಹಿಂದಕ್ಕೆ ಹೋಯಿತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಶ್ರಾವಣ ಶನಿವಾರ," ಎಂದರು. ಅಷ್ಟೇ. ರಸ್ತೆಯ ಆಚೆ ಬದಿಗೆ ದಾಟಿ ಹೋದರು.

ಆ ಉಂಡೆಯನ್ನು ಪೀಟ್ ತಮ್ಮ ಬಾಯಿಗೇ ಹಾಕಿಕೊಂಡರು. ಅಗಿದರು. ಇನ್ನೂ ಅಗಿದರು. ಒಂದು ಕಾರು ಬಂದು, ಸ್ಟಾಪ್ ಸೈನಿನಲ್ಲಿ ನಿಂತು, ಹೋಯಿತು. ಅವರು ಅಗಿಯುತ್ತಲೇ ಇದ್ದರು.

"ಶ್ರೀ," ಎಂದರು ಕೊನೆಗೆ, "ನಾನು ನಲವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದೆ. ಇಷ್ಟು ದುಂಡಗಿನ ಕೆಟ್ಟ ಮಾಲು ನೋಡಿರಲಿಲ್ಲ."

ಅಷ್ಟು ಹೇಳಿ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಷ್ಟರಲ್ಲಿ ವಸುಧಾ ಹೊಗೆ ಕಂಡು ಮುಂಬಾಗಿಲಿನಿಂದ ಓಡಿ ಬಂದಳು, ಹಿಂದೆ ಅತ್ತು ಮೂಗು ಕೆಂಪಾಗಿದ್ದ ಅದಿತಿ. ವಿಷಯ ತಿಳಿದು ವಸುಧಾ ಒಳಗಿನಿಂದ ಮೊಸರಿನ ಬಟ್ಟಲು ತಂದುಕೊಟ್ಟಳು. ಪೀಟ್ ಒಂದು ಚಮಚ ತಿಂದು, "ಇದು ನಮ್ಮದಲ್ಲ" ಎಂದರು. ಇನ್ನೊಂದು ಚಮಚ ತಿಂದು, "ಈ ಕಪ್ಪು ಕಾಳು ಏನು?" ಎಂದರು. ಆಮೇಲೆ ಉಂಡೆಗಳನ್ನು ಮುರಿದು ಮುರಿದು ಮೊಸರಲ್ಲಿ ಮುಳುಗಿಸಿ, ನೆನೆಯಲು ಬಿಟ್ಟು, ಆರು ತಿಂದರು. ಅದಿತಿ ವಾಕರ್ ಪಕ್ಕದಲ್ಲಿ ನಡೆದು ಅವರನ್ನು ಮನೆ ಮುಟ್ಟಿಸಿ ಬಂದಳು. ಮರುದಿನ ಕ್ರಿಸ್ಟೀನಾ ಬಂದು ಎಲ್ಲವನ್ನೂ ಕೇಳಿ, ಗಡುವನ್ನು ಅಕ್ಟೋಬರಿಗೆ ಮುಂದೂಡಿದಳು. ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಅವಳು ತಾನೇ ಬದಲಿಸಿ ಬರೆದಿದ್ದಳು: ಅಡುಗೆ ಬೇಡ, ಪೇಪರ್ ಪ್ಲೇಟ್ ಮಾತ್ರ.

ನಡೆದದ್ದು ಇಷ್ಟು. ಅನುಮಾನವಿದ್ದವರು ಸಾಕ್ಷಿಗಳನ್ನು ಕೇಳಬಹುದು; ಎಲ್ಲರೂ ಬದುಕಿದ್ದಾರೆ. ವಸುಧಾ ಬದುಕಿದ್ದಾಳೆ, ಆದರೆ ಟರ್ಕಿ ಎಂಬ ಪದ ಕೇಳಿದರೆ ಎದ್ದು ಹೋಗುತ್ತಾಳೆ. ಅದಿತಿ ಬದುಕಿದ್ದಾಳೆ; ಆ ಮಧ್ಯಾಹ್ನ ಅದು ಖಚಿತವಿರಲಿಲ್ಲ. ಸರೋಜಾ ಆಂಟಿ ಗಟ್ಟಿಯಾಗಿದ್ದಾರೆ, ಈ ಕಥೆಯ ಎರಡು ಆವೃತ್ತಿಗಳು ಅವರವೇ. ಪೀಟ್ ಅವರೂ ಬದುಕಿದ್ದಾರೆ, ಆರು ಉಂಡೆ ತಿಂದ ಮೇಲೂ. ನನ್ನ ಅಡುಗೆಗೆ ಇದುವರೆಗೆ ಸಿಕ್ಕಿರುವ ಪ್ರಶಸ್ತಿ ಪತ್ರ ಅದೊಂದೇ.